ಲಿನಕ್ಸ್ ಅಳವಡಿಸಿದ ಮೇಲೆ: ಅಂಗಡಿ, ಕಾರ್ಖಾನೆಗಳ ಗಣಕಕ್ಕೆ ಮೊದಲ ವಾರದ ಕೆಲಸಗಳು

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವೂ ಸುಮಾರು 2018ರಿಂದೀಚಿನ ಪ್ರೊಸೆಸರೂ ಬೇಕು. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲೋ, ರಾಮನಗರದ ನೂಲು ಬಿಚ್ಚಾಣಿಕೆ ಘಟಕದಲ್ಲೋ ಹತ್ತು ಹನ್ನೆರಡು ವರ್ಷಗಳಿಂದ ದುಡಿಯುತ್ತಿರುವ ಗಣಕಯಂತ್ರದಲ್ಲಿ ಇವನ್ನು ನಿರೀಕ್ಷಿಸುವಂತಿಲ್ಲ. ಅಂತಹ ಯಂತ್ರವನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವ ದಾರಿಗಳಲ್ಲಿ ಒಂದು, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಯೂನಿಕ್ಸ್ ಮಾದರಿಯ ಲಿನಕ್ಸ್. ಉಬುಂಟು ಅಥವಾ ಮಿಂಟ್ ಆವೃತ್ತಿಯನ್ನು ಅಳವಡಿಸಲು ಒಂದು ಗಂಟೆ ಸಾಕು. ತೊಡಕುಗಳು ಏಳುವುದು ಅನಂತರ.

ಯೂನಿಕ್ಸ್ ಪರಂಪರೆಯಲ್ಲಿ ಯಂತ್ರದ ಯಜಮಾನನೂ ದಿನನಿತ್ಯದ ಬಳಕೆದಾರನೂ ಬೇರೆ ಬೇರೆ. ಬೀರುವಿನ ಕೀಲಿಕೈ ಮಾಲೀಕರ ಬಳಿ, ದಿನವಹಿ ಪುಸ್ತಕ ಗುಮಾಸ್ತರ ಬಳಿ ಇರುವಂತೆಯೇ ಇದು. ಆದುದರಿಂದ ಬಿಲ್ ಬರೆಯುವವರಿಗೆ ಸಾಮಾನ್ಯ ದರ್ಜೆಯ ಪ್ರತ್ಯೇಕ ಖಾತೆಯನ್ನು ಮೊದಲ ದಿನವೇ ತೆರೆಯುವುದು ಒಳಿತು. ಟರ್ಮಿನಲ್‌ನಲ್ಲಿ ಗುಪ್ತಪದವನ್ನು ಒತ್ತುವಾಗ ಹಲವು ಆವೃತ್ತಿಗಳಲ್ಲಿ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆಯೆಂದು ಗಾಬರಿಯಾಗಬೇಕಾಗಿಲ್ಲ. ಬಳಿಕ ಅಪ್‌ಡೇಟ್ ಮ್ಯಾನೇಜರ್ ತೆರೆದು ಬಾಕಿಯಿರುವ ಪರಿಷ್ಕರಣೆಗಳನ್ನೆಲ್ಲ ಇಳಿಸಿಕೊಳ್ಳಬೇಕು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷಗಳ ಪರಿಷ್ಕರಣೆ ದೊರೆತರೆ, ನಡುವಿನ ಆವೃತ್ತಿಗಳಿಗೆ ದೊರೆಯುವುದು ಒಂಬತ್ತೇ ತಿಂಗಳು. ವ್ಯಾಪಾರಕ್ಕೆ ಮೊದಲನೆಯದೇ ತಕ್ಕುದು.

ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಉಳಿಸಿಕೊಂಡವರಿಗೆ ಗಡಿಯಾರದ ಕಾಟ ತಪ್ಪದು. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಗ್ರೀನಿಚ್ ವೇಳೆಗೆ ಇರಿಸುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ವೇಳೆಯೆಂದು ಓದುತ್ತದೆ. ಪರಿಣಾಮವಾಗಿ ವಿಂಡೋಸ್‌ನಲ್ಲಿ ಐದೂವರೆ ಗಂಟೆ ಹಿಂದಿನ ವೇಳೆ ಕಾಣುತ್ತದೆ, ಬೆಳಗಿನ ಬಿಲ್ಲಿಗೆ ಹಿಂದಿನ ದಿನದ ತಾರೀಖು ಬಿದ್ದರೂ ಬಿದ್ದೀತು. ಸ್ಥಳೀಯ ವೇಳೆಯನ್ನೇ ಬಳಸುವಂತೆ ಲಿನಕ್ಸ್‌ಗೆ ಒಮ್ಮೆ ಸೂಚಿಸಿದರೆ ಇದು ಪರಿಹಾರವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಕನ್ನಡ ಕಡತಗಳ ವಿಷಯದಲ್ಲಿ. ಟೈಪಿಂಗ್ ಕಷ್ಟವೇನಲ್ಲ. ಐಬಸ್ ಎಂಬ ಸೌಲಭ್ಯದ ಎಂ17ಎನ್ ಭಾಗವನ್ನು ಸೇರಿಸಿ ಕೆ.ಜಿ.ಪಿ. ವಿನ್ಯಾಸವನ್ನು ಆರಿಸಿದರೆ, ಕೆ.ಪಿ. ರಾವ್ ರೂಪಿಸಿದ, ನುಡಿ ಬಳಸಿದವರ ಬೆರಳಿಗೆ ಅಭ್ಯಾಸವಾದ ಕೀಲಿಮಣೆಯೇ ದೊರೆಯುತ್ತದೆ. ತೊಂದರೆಯಿರುವುದು ಹಳೆಯ ದಾಖಲೆಗಳಲ್ಲಿ. ನುಡಿ, ಬರಹಗಳ ಹಳೆಯ ಫಾಂಟುಗಳು ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿಕೊಂಡಿದ್ದವು. ಆ ಫಾಂಟಿಲ್ಲದ ಲಿನಕ್ಸ್‌ನಲ್ಲಿ ಗಿರಾಕಿಗಳ ಪಟ್ಟಿಯನ್ನು ತೆರೆದರೆ ಹೆಸರುಗಳ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಫಾಂಟನ್ನು ತಂದು ಹಾಕಿದರೂ ಹುಡುಕುವುದಾಗಲಿ, ಅಕಾರಾದಿಯಾಗಿ ಜೋಡಿಸುವುದಾಗಲಿ ಸರಿಬರದು. ಆದ್ದರಿಂದ ವಿಂಡೋಸ್ ಇರುವಾಗಲೇ ಪರಿವರ್ತಕ ತಂತ್ರಾಂಶದ ಮೂಲಕ ಇವನ್ನು ಯೂನಿಕೋಡ್‌ಗೆ ತಿರುಗಿಸಿಕೊಂಡು, ಒತ್ತಕ್ಷರ, ಅರ್ಕಾವತ್ತುಗಳಿರುವ ಹೆಸರುಗಳನ್ನು ಕಣ್ಣಾರೆ ತಾಳೆ ನೋಡಬೇಕು. ಸಾಲದ ಬಾಕಿ ಇರುವ ಗಿರಾಕಿಯ ಹೆಸರೇ ತಪ್ಪಾಗಿ ಕುಳಿತರೆ ವಸೂಲಿಯ ದಿನ ಪೇಚಾಟ. ಯೂನಿಕೋಡ್‌ನ ಪ್ರಯೋಜನ ಈಚೆಗೂ ಕಂಡುಬಂದಿದೆ: 2025ರಲ್ಲಿ ರಾಮನಗರ ಜಿಲ್ಲೆಯು ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಮರುನಾಮಕರಣಗೊಂಡಾಗ, ಲೆಟರ್‌ಹೆಡ್ ಮತ್ತು ಬಿಲ್ ನಮೂನೆಗಳಲ್ಲಿ ವಿಳಾಸವನ್ನು ಹುಡುಕಿ ಬದಲಿಸುವುದು ಯೂನಿಕೋಡ್ ಕಡತಗಳಲ್ಲಿ ಸುಲಭದ ಕೆಲಸ.

ಲೆಕ್ಕಪತ್ರದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಟ್ಯಾಲಿ ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶ. ಲಿನಕ್ಸ್‌ನಲ್ಲಿ ಅದನ್ನು ಉಪಾಯದಿಂದ ಓಡಿಸಲು ಯತ್ನಿಸಿ ಮಾರ್ಚ್ ತಿಂಗಳಲ್ಲಿ ಕೈಸುಟ್ಟುಕೊಳ್ಳುವುದಕ್ಕಿಂತ, ಟ್ಯಾಲಿಗೆಂದು ಒಂದು ವಿಂಡೋಸ್ ಯಂತ್ರವನ್ನು ಉಳಿಸಿಕೊಂಡು ಪತ್ರವ್ಯವಹಾರ, ದರಪಟ್ಟಿ, ದಾಸ್ತಾನು ಲೆಕ್ಕಗಳನ್ನು ಲಿಬ್ರೆಆಫೀಸ್‌ಗೆ ವರ್ಗಾಯಿಸುವುದು ಜಾಣತನ. ಜಿ.ಎಸ್.ಟಿ. ಜಾಲತಾಣ ಮತ್ತು ಇ-ವೇ ಬಿಲ್‌ಗಳಿಗೆ ಬ್ರೌಸರ್ ಸಾಕು. ಏಕಮಾಲೀಕತ್ವದ ವರ್ತಕರು ಮೊಬೈಲಿಗೆ ಬರುವ ಓ.ಟಿ.ಪಿ.ಯಿಂದಲೇ ರಿಟರ್ನ್ ದೃಢೀಕರಿಸಬಹುದು. ಡಿಜಿಟಲ್ ಸಹಿಯ ಯು.ಎಸ್.ಬಿ. ಟೋಕನ್ ಬಳಸುವ ಕಂಪನಿಗಳು ಮಾತ್ರ, ಅದರ ಡ್ರೈವರ್ ಲಿನಕ್ಸ್‌ನಲ್ಲಿ ನಡೆಯುವುದೇ ಎಂಬುದನ್ನು ಕೊನೆಯ ದಿನಾಂಕಕ್ಕೆ ಬಹಳ ಮುಂಚೆಯೇ ಪರೀಕ್ಷಿಸಿಕೊಳ್ಳಬೇಕು. ಪ್ರಿಂಟರಿಗೂ ಇದೇ ಮಾತು ಅನ್ವಯ: ಬಹುಪಾಲು ತಾನಾಗಿಯೇ ಗುರುತಿಸಲ್ಪಡುತ್ತವೆ, ಕೆಲವು ಲೇಸರ್ ಮಾದರಿಗಳಿಗೆ ತಯಾರಕರ ಡ್ರೈವರನ್ನೇ ತರಬೇಕಾಗುತ್ತದೆ.

ಟೈಮ್‌ಶಿಫ್ಟ್ ಎಂಬ ಸಾಧನವನ್ನು ನೋಡಿ ಕಡತಗಳೆಲ್ಲ ಸುರಕ್ಷಿತವೆಂದು ಭಾವಿಸುವವರು ಉಂಟು. ಅದು ಕಾಯುವುದು ಕಾರ್ಯಾಚರಣ ವ್ಯವಸ್ಥೆಯನ್ನು. ಬಳಕೆದಾರರ ದಾಖಲೆಗಳನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ದಾಖಲೆಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿಗೆ ವಾರಕ್ಕೊಮ್ಮೆಯಾದರೂ ತೆಗೆದು, ಡಿಸ್ಕನ್ನು ಯಂತ್ರದಿಂದ ಕಳಚಿ ಇಡಬೇಕು. ಅದರಿಂದ ಒಂದು ಕಡತವನ್ನು ಮರಳಿ ತೆರೆದು ನೋಡುವವರೆಗೆ ಆ ಪ್ರತಿಯನ್ನು ನಂಬುವಂತಿಲ್ಲ. ಹಳೆಯ ವಿಂಡೋಸ್ ಡಿಸ್ಕನ್ನು, ಆ ಸಾಲಿನ ವಾರ್ಷಿಕ ರಿಟರ್ನ್ ಸಲ್ಲಿಕೆಯಾಗುವವರೆಗೆ ಅಳಿಸದೆ ಬೀರುವಿನಲ್ಲಿಯೇ ಇಟ್ಟಿರತಕ್ಕದ್ದು.