ಹಸಿರನ್ನು ಗ್ರಾಮಿಗೆ ಅಳೆಯೋಣವೋ, ಚದರ ಸೆಂಟಿಮೀಟರಿಗೋ?

ಒಂದೇ ದಾಸವಾಳದ ಗಿಡ. ಬಿಸಿಲಿಗೆ ಚಾಚಿಕೊಂಡ ತುದಿಯಲ್ಲಿ ಒಂದು ಎಲೆ, ಒಳಗೆ ನೆರಳಲ್ಲಿ ಇನ್ನೊಂದು. ಯಾವುದರಲ್ಲಿ ಪತ್ರಹರಿತ್ತು ಹೆಚ್ಚು? ಜೀವಶಾಸ್ತ್ರದ ಪ್ರಾಜೆಕ್ಟಿಗೆ ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಪ್ರಶ್ನೆ ಸಿಗುವುದು ಅಪರೂಪ. ಎಲೆ ಕಾಂಪೌಂಡಿನಲ್ಲೇ ಇದೆ, ಉಪಕರಣ ಕಾಲೇಜಿನ ಲ್ಯಾಬಿನಲ್ಲಿದೆ. ಪೇಚೆಂದರೆ, ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡೂ ಸರಿ, ಆದರೆ ಒಂದಕ್ಕೊಂದು ತದ್ವಿರುದ್ಧ.

ಮೊದಲು ಅಳೆಯುವ ಬಗೆ. ಪತ್ರಹರಿತ್ತಿನ ಅಣುವಿಗೆ ಎಣ್ಣೆಯ ಗುಣದ ಉದ್ದನೆಯ ಬಾಲವಿರುವುದರಿಂದ ಅದು ನೀರಿಗೆ ಇಳಿಯುವುದಿಲ್ಲ. ಅದಕ್ಕೇ ಶೇ. 80ರ ಅಸಿಟೋನ್ ಬೇಕು. ತೂಗಿದ ಎಲೆಯನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಹಾಕಿ, ಸ್ವಲ್ಪ ಅಸಿಟೋನ್ ಸುರಿದು ಅರೆಯಬೇಕು. ಸೋಸಿ, ಉಳಿದ ಚರಟ ಬಿಳಿಚಿಕೊಳ್ಳುವವರೆಗೆ ಮತ್ತೆ ಅಸಿಟೋನ್ ಹಾಕಿ ತೊಳೆದು, ಒಟ್ಟು ದ್ರವವನ್ನು ಹತ್ತು ಮಿಲಿಲೀಟರಿಗೆ ತರಬೇಕು.

ಅರೆಯುವಾಗ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ಎನ್ನುತ್ತಾರೆ. ಇದನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ, ಬಿಡಬಾರದು. ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕುಳಿತಿರುತ್ತದೆ. ಎಲೆಯ ಕೋಶದೊಳಗೆ ಹುಳಿಯೂ ಇದೆ, ಆದರೆ ಬೇರೆ ಕೋಣೆಯಲ್ಲಿ. ಅರೆದಾಗ ಗೋಡೆಗಳೆಲ್ಲ ಒಡೆದು ಆ ಹುಳಿ ಮೆಗ್ನೀಸಿಯಮ್ಮನ್ನು ಹೊರಗೆ ದಬ್ಬುತ್ತದೆ. ಹಸಿರು ಹೋಗಿ ಕಂದುಹಸಿರಿನ ಫಿಯೊಫೈಟಿನ್ ಉಳಿಯುತ್ತದೆ. ಹುಣಸೆಹುಳಿ ಬಿದ್ದ ಸೊಪ್ಪಿನ ಪಲ್ಯ ಒಲೆಯ ಮೇಲೆ ಬಣ್ಣಗೆಡುವುದಕ್ಕೂ ಇದೇ ಕಾರಣ. ಕಾರ್ಬೊನೇಟ್ ಆ ಹುಳಿಯನ್ನು ಸುಮ್ಮನಾಗಿಸುತ್ತದೆ.

ದ್ರವವನ್ನು ಕತ್ತಲಲ್ಲಿ, ತಣ್ಣಗೆ, ಮುಚ್ಚಿ ಇಡಬೇಕು. ಬೆಳಕಿಗೆ ಬಣ್ಣ ಮಾಸುತ್ತದೆ. ಮುಚ್ಚಳ ತೆರೆದಿದ್ದರೆ ಅಸಿಟೋನ್ ಆರಿ, ಇಲ್ಲದ ಹಸಿರು ಲೆಕ್ಕದಲ್ಲಿ ಹೆಚ್ಚಾಗುತ್ತದೆ. ಅಸಿಟೋನಿಗೆ ಬೆಂಕಿ ತಗಲುವುದು ಬಲು ಬೇಗ, ಹಾಗಾಗಿ ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು. ಅಳತೆಗೆ ಗಾಜಿನ ಕುವೆಟ್ಟೇ ಆಗಬೇಕು, ಪಾಲಿಸ್ಟೈರೀನ್ ಕುವೆಟ್ಟನ್ನು ಅಸಿಟೋನ್ ಕರಗಿಸಿಬಿಡುತ್ತದೆ.

ಬರಿಯ ಅಸಿಟೋನ್ ಇಟ್ಟು ಸ್ಪೆಕ್ಟ್ರೋಫೋಟೋಮೀಟರನ್ನು ಸೊನ್ನೆಗೆ ತಂದು, ದ್ರವ ಎಷ್ಟು ಬೆಳಕನ್ನು ನುಂಗುತ್ತದೆ ಎಂದು 663 ಮತ್ತು 645 ನ್ಯಾನೋಮೀಟರಿನಲ್ಲಿ ನೋಡುವುದು. ಎರಡೂ ಕೆಂಪು ಬೆಳಕೇ. ಮೊದಲನೆಯದನ್ನು ಪತ್ರಹರಿತ್ತು-ಎ ಹೆಚ್ಚಾಗಿ ಹೀರುತ್ತದೆ, ಎರಡನೆಯದನ್ನು ಬಿ. 645ರ ಓದನ್ನು 20.2ರಿಂದಲೂ 663ರ ಓದನ್ನು 8.02ರಿಂದಲೂ ಗುಣಿಸಿ ಕೂಡಿದರೆ, ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಓದುಗಳು 0.3 ಮತ್ತು 0.8 ಎಂದಿಟ್ಟುಕೊಳ್ಳಿ: ಲೀಟರಿಗೆ ಸುಮಾರು 12.5 ಮಿ.ಗ್ರಾಂ. ನಮ್ಮಲ್ಲಿರುವುದು ಹತ್ತು ಮಿಲಿಲೀಟರ್, ಅಂದರೆ ಅದರಲ್ಲಿ 0.125 ಮಿ.ಗ್ರಾಂ. ಅರೆದದ್ದು 0.1 ಗ್ರಾಂ ಎಲೆಯಾದರೆ, ಗ್ರಾಮಿಗೆ 1.25 ಮಿ.ಗ್ರಾಂ.

ಈ ಗುಣಕಗಳು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಡೇನಿಯಲ್ ಆರ್ನನ್ 1949ರಲ್ಲಿ ಬರೆದ ಪ್ರಬಂಧದಿಂದ ಬಂದವು. ತಮಾಷೆಯೆಂದರೆ, ಆ ಪ್ರಬಂಧದ ವಿಷಯ ಪತ್ರಹರಿತ್ತಲ್ಲ, ಬೀಟ್ ಎಲೆಯ ಹಸಿರುಕಣಗಳಲ್ಲಿರುವ ತಾಮ್ರದ ಕಿಣ್ವಗಳು. ಹಸಿರಿನ ಲೆಕ್ಕ ಬಂದದ್ದು ವಿಧಾನದ ವಿವರಣೆಯಲ್ಲಿ. ಮೂಲ ವಿಷಯಕ್ಕಿಂತ ಆ ಲೆಕ್ಕವೇ ಲೋಕಪ್ರಸಿದ್ಧವಾಯಿತು!

ಇನ್ನು ಆ ಎರಡು ಉತ್ತರಗಳು. ಕಚೇರಿಯಲ್ಲಿ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮೆಷಿನ್ ಸುಮಾರು 6 ಮಿ.ಮೀ. ಅಗಲದ ಬಿಲ್ಲೆ ಕತ್ತರಿಸುತ್ತದೆ. ಹತ್ತು ಬಿಲ್ಲೆ ಸೇರಿದರೆ 2.83 ಚದರ ಸೆಂಟಿಮೀಟರ್. ಅವನ್ನೇ ತೂಗಿ ಅರೆದರೆ ತೂಕವೂ ಗೊತ್ತು, ವಿಸ್ತೀರ್ಣವೂ ಗೊತ್ತು. ಉದಾಹರಣೆಗೆ, ಬಿಸಿಲೆಲೆಯ ಹತ್ತು ಬಿಲ್ಲೆ 0.06 ಗ್ರಾಂ ತೂಗಿ 0.10 ಮಿ.ಗ್ರಾಂ ಪತ್ರಹರಿತ್ತು ಕೊಟ್ಟಿತೆನ್ನಿ, ನೆರಳೆಲೆಯವು 0.04 ಗ್ರಾಂ ತೂಗಿ 0.09 ಮಿ.ಗ್ರಾಂ ಕೊಟ್ಟವು. ಗ್ರಾಮಿನ ಲೆಕ್ಕದಲ್ಲಿ ಬಿಸಿಲೆಲೆಗೆ 1.67, ನೆರಳೆಲೆಗೆ 2.25, ಗೆದ್ದದ್ದು ನೆರಳು. ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಬಿಸಿಲೆಲೆಗೆ 35 ಮೈಕ್ರೋಗ್ರಾಂ, ನೆರಳೆಲೆಗೆ 32, ಗೆದ್ದದ್ದು ಬಿಸಿಲು.

ಇಲ್ಲಿ ಮೋಸವೇನೂ ಇಲ್ಲ. ಬಿಸಿಲೆಲೆ ದಪ್ಪ, ಕೋಶಗಳ ಪದರವೂ ಗೋಡೆಯ ಸಾಮಗ್ರಿಯೂ ಅದರಲ್ಲಿ ಹೆಚ್ಚು. ನೆರಳೆಲೆ ತೆಳು, ತನ್ನ ಅಲ್ಪ ಬಂಡವಾಳದಲ್ಲಿ ಹೆಚ್ಚಿನ ಪಾಲನ್ನು ಬೆಳಕು ಹಿಡಿಯಲು ಹೂಡಿರುತ್ತದೆ. ಗಿಡ ತನ್ನ ಸಾಮಗ್ರಿಯನ್ನು ಹೇಗೆ ಹಂಚಿದೆ ಎಂದು ಕೇಳುವವರಿಗೆ ಗ್ರಾಮಿನ ಲೆಕ್ಕ. ಎಲೆಯ ಮೇಲೆ ಬಿದ್ದ ಬೆಳಕಿಗೆ ಎಷ್ಟು ಹಸಿರು ಸಿದ್ಧವಿದೆ ಎಂದು ಕೇಳುವವರಿಗೆ ವಿಸ್ತೀರ್ಣದ ಲೆಕ್ಕ. ವಿಜ್ಞಾನ ಮೇಳದ ಚಾರ್ಟುಗಳಲ್ಲಿ ಗ್ರಾಮಿನದೊಂದೇ ಕಾಣುವುದು, ಅದೂ ಯಾಕೆಂದು ಹೇಳದೆ. ನೀರಿಲ್ಲದೆ ಬಾಡಿದ ಗಿಡದ ಪ್ರಯೋಗದಲ್ಲಂತೂ ಇದು ಅಪಾಯಕಾರಿ: ನೀರು ಕಳೆದುಕೊಂಡ ಎಲೆ ಹಗುರ, ಆದ್ದರಿಂದ ಒಂದು ಕಣ ಹಸಿರೂ ಹುಟ್ಟದೆ ಗ್ರಾಮಿನ ಲೆಕ್ಕ ಏರುತ್ತದೆ.

ತೂಕ, ವಿಸ್ತೀರ್ಣ ಎರಡರ ಹಂಗೂ ಇಲ್ಲದ ಅಂಕಿಯೊಂದಿದೆ: ಎ ಮತ್ತು ಬಿ ಅನುಪಾತ. ಮೇಲಿನ 0.8, 0.3ರ ಉದಾಹರಣೆಯಲ್ಲಿ ಆರ್ನನ್ ಲೆಕ್ಕದಂತೆ ಅದು ಹತ್ತಿರ ಹತ್ತಿರ ಮೂರು. ನೆರಳೆಲೆಯಲ್ಲಿ ಸಾಮಾನ್ಯವಾಗಿ ಇದು ಇಳಿಯುತ್ತದೆ, ಏಕೆಂದರೆ ಬೆಳಕು ಸಂಗ್ರಹಿಸುವ ಪ್ರೋಟೀನುಗಳಲ್ಲಿ ಬಿ ಹೆಚ್ಚು. ನನ್ನನ್ನು ಕೇಳಿದರೆ ಪ್ರಾಜೆಕ್ಟಿನ ಜೀವಾಳ ಇದೇ. ಆದರೆ ಆರ್ನನ್ ಗುಣಕಗಳು ಎಡವುವುದೂ ಈ ಅನುಪಾತದಲ್ಲೇ. 1989ರಲ್ಲಿ ಆಸ್ಟ್ರೇಲಿಯಾದ ಪೊರಾ ಮತ್ತು ಸಂಗಡಿಗರು ಅವನ್ನು ತಿದ್ದಿದರು. ಎರಡು ಎಲೆಗಳನ್ನು ಒಂದೇ ಸೂತ್ರದಿಂದ ಹೋಲಿಸುವುದಕ್ಕೆ ಅಡ್ಡಿಯಿಲ್ಲ, ಬೇರೆಯವರ ಅಂಕಿಗೆ ಹೋಲಿಸುವಾಗ ಸೂತ್ರ ಯಾವುದೆಂದು ನೋಡಿಕೊಳ್ಳಿ. ಫಿಲ್ಟರ್ ಹಾಕುವ ಹಳೆಯ ಕಲರಿಮೀಟರ್ ಮಾತ್ರ ಇದ್ದರೆ ಅನುಪಾತದ ಆಸೆ ಬಿಡಬೇಕು. ಅದರ ಕೆಂಪು ಫಿಲ್ಟರ್ 645ನ್ನೂ 663ನ್ನೂ ಬೇರ್ಪಡಿಸಲಾರದು.

ಎಲೆ ಕೀಳದೆಯೇ ಅಳೆಯುವ ಸ್ಪ್ಯಾಡ್ ಮೀಟರ್ ಕೃಷಿ ಕಾಲೇಜುಗಳಲ್ಲಿ ಸಿಗುತ್ತದೆ. ಕ್ಲಿಪ್ಪಿನಂತೆ ಎಲೆಯನ್ನು ಹಿಡಿದು 650 ಮತ್ತು 940 ನ್ಯಾನೋಮೀಟರಿನ ಬೆಳಕು ಎಷ್ಟು ದಾಟಿತೆಂದು ನೋಡುತ್ತದೆ. ಭತ್ತಕ್ಕೆ ಯೂರಿಯಾ ಯಾವಾಗ ಹಾಕಬೇಕೆಂದು ತಿಳಿಯಲು ಇದನ್ನೂ, ಇದರ ಬಡ ಬಂಧುವಾದ ಎಲೆಬಣ್ಣದ ಪಟ್ಟಿಯನ್ನೂ ಬಳಸುತ್ತಾರೆ. ಮೀಟರ್ ತೋರಿಸುವ ಅಂಕಿಗೆ ಮಿಲಿಗ್ರಾಮಿನ ಅರ್ಥವಿಲ್ಲ. ಆ ಅರ್ಥ ಬೇಕಾದರೆ, ತಿಳಿಹಸಿರಿನಿಂದ ಕಡುಹಸಿರಿನವರೆಗಿನ ದಾಸವಾಳದ ಎಲೆಗಳನ್ನು ಮೊದಲು ಮೀಟರಿಗೆ ಕೊಟ್ಟು, ಅದೇ ಜಾಗದ ಬಿಲ್ಲೆಗಳನ್ನು ಅಸಿಟೋನಿನಲ್ಲಿ ಅರೆದು, ಎರಡನ್ನೂ ಗ್ರಾಫಿನಲ್ಲಿ ಹೊಂದಿಸಬೇಕು. ಮಾವಿನ ಎಲೆ ಬೆಳಕನ್ನು ಚದುರಿಸುವ ರೀತಿಯೇ ಬೇರೆಯಾದ್ದರಿಂದ ಅದಕ್ಕೆ ಇನ್ನೊಂದು ಗ್ರಾಫ್ ಬೇಕಾಗುತ್ತದೆ.