ಬ್ರೇಕ್ ಒತ್ತಿದಾಗ ಆ ಬಿಸಿ ಎಲ್ಲಿಗೆ ಹೋಗುತ್ತೆ?

1000 ಕೆ.ಜಿ. ತೂಕದ ಕಾರೊಂದು ಗಂಟೆಗೆ 72 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಅದನ್ನು ನಿಲ್ಲಿಸೋಕೆ 2 ಲಕ್ಷ ಜೂಲ್ ಚಲನಶಕ್ತಿಯನ್ನು ಶಾಖವಾಗಿ ಕಳೆಯಬೇಕು. ಅದೇ ಕಾರು ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ ಲೆಕ್ಕ ಸುಮಾರು 49 ಲಕ್ಷ ಜೂಲ್! ಆಗುಂಬೆಯನ್ನೋ ಚಾರ್ಮಾಡಿಯನ್ನೋ ನ್ಯೂಟ್ರಲ್‌ನಲ್ಲಿ ಇಳಿದರೆ ಇದರಲ್ಲಿ ಬಹುಪಾಲು ಬ್ರೇಕಿನ ಮೇಲೇ ಬೀಳುತ್ತೆ. ಬ್ರೇಕ್ ಸರ್ವಿಸ್ ಅಂದರೆ ಈ ಬಿಸಿಯನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿ ಬ್ರೇಕನ್ನು ಇಡೋದು.

ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತೆ, ಬೇಗ ತಣಿಯುತ್ತೆ. ಡ್ರಮ್ ಮುಚ್ಚಿದ ಡಬ್ಬಿಯ ಹಾಗೆ, ಬಿಸಿ ಒಳಗೇ ಉಳಿಯುತ್ತೆ.

ಡಿಸ್ಕ್: ಪ್ಯಾಡಿನ ಲೈನಿಂಗ್ ಸುಮಾರು 3 ಮಿ.ಮೀ.ಗೆ ಬಂದರೆ ಎಡ-ಬಲ ಎರಡೂ ಕಡೆ ಒಟ್ಟಿಗೇ ಬದಲಿಸಬೇಕು. ಡಿಸ್ಕಿನ ಕನಿಷ್ಠ ದಪ್ಪ ಎಷ್ಟೋ ಸಲ ಅದರ ಮೇಲೇ ಅಚ್ಚಾಗಿರುತ್ತೆ. ಮೈಕ್ರೋಮೀಟರ್ ಹಿಡಿದು ಅಳೆಯಿರಿ. ಒಂದೇ ಚಕ್ರದ ಒಳಪ್ಯಾಡ್ ಪೂರ್ತಿ ಸವೆದು ಹೊರಪ್ಯಾಡ್ ದಪ್ಪಗೇ ಇದ್ದರೆ ಕ್ಯಾಲಿಪರ್‌ನ ಸ್ಲೈಡ್ ಪಿನ್ ಜಾಮ್ ಆಗಿರಬಹುದು. ಪಿನ್ ಸ್ವಚ್ಛ ಮಾಡಿ, ಅದಕ್ಕೆಂದೇ ಸಿಗುವ ಗ್ರೀಸ್ ಹಚ್ಚದೆ ಹೋದರೆ ಹೊಸ ಪ್ಯಾಡಿಗೂ ಅದೇ ಗತಿ. ಬಿಚ್ಚಿದ ಕ್ಯಾಲಿಪರ್ ಹೋಸ್‌ನಲ್ಲಿ ನೇತಾಡಬಾರದು, ತಂತಿಯಿಂದ ಕಟ್ಟಿಡಿ.

ಡ್ರಮ್: ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ವೀಲ್ ಸಿಲಿಂಡರ್ ಹತ್ತಿರ ಒದ್ದೆ ಕಂಡರೆ ಲೀಕ್ ಇದೆ ಅಂತಲೇ ಅರ್ಥ. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಯಾವ ಸ್ಪ್ರಿಂಗ್ ಎಲ್ಲಿ ಅಂತ ಗೊಂದಲವಾದರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು.

ಬ್ರೇಕ್ ಆಯಿಲ್: ಬಹಳ ಜನ ಮರೆಯೋದು ಇದನ್ನೇ. ಡಾಟ್ 3, ಡಾಟ್ 4 ಆಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಆಯಿಲ್ ಕುದ್ದು ಆವಿಯಾದರೆ, ಕಾಲಿನ ಒತ್ತಡವೆಲ್ಲ ಆ ಆವಿಯನ್ನು ಕುಗ್ಗಿಸೋಕೇ ಖರ್ಚಾಗಿ ಪೆಡಲ್ ನೆಲ ಮುಟ್ಟುತ್ತೆ. ಪ್ಯಾಡ್ ಹೊಸದಿದ್ದರೂ ಗಾಡಿ ನಿಲ್ಲಲ್ಲ! ಹಾಗಾಗಿ ಮ್ಯಾನ್ಯುಯಲ್ ಹೇಳಿದ ಅವಧಿಗೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಆಯಿಲ್ ಬದಲಿಸಲೇಬೇಕು.

ಬ್ಲೀಡಿಂಗ್‌ಗೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚಬೇಕು. ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲವಾದರೆ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಗುಳ್ಳೆ ನಿಲ್ಲುವವರೆಗೂ ಹೀಗೇ. ನಡುವೆ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಬಾರದು.

ಮೊದಲ ಸಲ ಮಾಡುವಾಗ ಅನುಭವಿ ಮೆಕ್ಯಾನಿಕ್ ಪಕ್ಕದಲ್ಲಿರಲಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ ನೋಡಿ. ಘಾಟಿ ಇಳಿಯುವಾಗ ಎರಡನೇ ಗೇರೋ ಮೂರನೇ ಗೇರೋ ಹಾಕಿ, ಎಂಜಿನ್ನಿಗೂ ಸ್ವಲ್ಪ ಕೆಲಸ ಕೊಡಿ.