ಹಣ ಒಂದೇ, ಹೆಸರು ಹಲವು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ರಾಜ್ಯಕ್ಕೆ ಸೇರಿತ್ತು. ಉಡುಪಿಯ ಕಡೆಯಿಂದ ಮದರಾಸಿಗೆ ಬಂದು ಹೋಟೆಲು ತೆರೆದವರು ಅನೇಕರು. ಎಗ್ಮೋರ್‌ನಲ್ಲಿದ್ದ ದಾಸಪ್ರಕಾಶ್ ಹೋಟೆಲು ಈ ಪರಂಪರೆಗೆ ಸೇರಿದುದು. ಇಲ್ಲಿ ನೆಲೆಸಿದ ಕನ್ನಡಿಗರಿಗೆ ಕೂಲಿ, ಸಂಬಳ, ಲಾಭ, ವರಮಾನ ಎಂಬ ಪದಗಳು ತಮಿಳಿನಲ್ಲಿಯೂ ಅಲ್ಪ ಉಚ್ಚಾರಣಾ ಭೇದದೊಡನೆ ಕೇಳಿಬರುತ್ತವೆ. ಆದರೆ 'ಆದಾಯ' ಎಂಬ ಪದದ ವಿಷಯದಲ್ಲಿ ಎಚ್ಚರ ಅಗತ್ಯ. ಕನ್ನಡದಲ್ಲಿ ಆದಾಯವೆಂದರೆ ವರಮಾನ. ತಮಿಳಿನ 'ಆದಾಯಂ' ಸಾಮಾನ್ಯವಾಗಿ ಲಾಭವನ್ನು ಸೂಚಿಸುತ್ತದೆ. ನಮ್ಮ 'ಆದಾಯ ತೆರಿಗೆ' ತಮಿಳಿನಲ್ಲಿ 'ವರುಮಾನ ವರಿ'.

ವರಮಾನಕ್ಕೂ ಲಾಭಕ್ಕೂ ಇರುವ ಅಂತರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎಗ್ಮೋರ್ ರೈಲು ನಿಲ್ದಾಣದ ಬಳಿಯ ಸಣ್ಣ ಹೋಟೆಲೊಂದರಲ್ಲಿ ದಿನಕ್ಕೆ 10,000 ರೂಪಾಯಿಗಳ ವ್ಯಾಪಾರ ನಡೆಯುವುದೆಂದು ಭಾವಿಸೋಣ. ಇದು ವಹಿವಾಟು, ಮಾಲೀಕರ ಗಳಿಕೆಯಲ್ಲ. ಇದರಲ್ಲಿ ದಿನಸಿ, ತರಕಾರಿ, ಅನಿಲಕ್ಕೆ 5,000 ರೂಪಾಯಿ, ಕೆಲಸಗಾರರಿಗೆ 2,500, ಕಟ್ಟಡಕ್ಕೆ 1,000, ಸಾಲಕ್ಕೆ 500 ರೂಪಾಯಿ ಸಲ್ಲುತ್ತದೆ. ಉಳಿದ 1,000 ರೂಪಾಯಿ ಮಾತ್ರ ಲಾಭ. ಅದೇ ಹಣ ಅಡಿಗೆಯವರಿಗೆ ತಿಂಗಳ ಸಂಬಳ, ದಿನದ ಲೆಕ್ಕದವರಿಗೆ ಕೂಲಿ, ಕಟ್ಟಡದ ಒಡೆಯರಿಗೆ ಬಾಡಿಗೆ, ಬ್ಯಾಂಕಿಗೆ ಬಡ್ಡಿ. ಕಂಪೆನಿಯಾದರೆ, ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು ಲಾಭಾಂಶ ಎನಿಸುತ್ತದೆ. ಹಣ ಯಾರ ಕೈ ಸೇರುತ್ತದೆ, ಯಾವುದಕ್ಕಾಗಿ ಸೇರುತ್ತದೆ ಎಂಬುದರ ಮೇಲೆ ಅದರ ಹೆಸರು ನಿರ್ಧಾರವಾಗುತ್ತದೆ.

ಹೆಸರು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ವಹಿವಾಟನ್ನೇ ಲಾಭವೆಂದು ನಮೂದಿಸಿದ ವ್ಯಾಪಾರಿಯು ತಾನು ಗಳಿಸದ ಹಣಕ್ಕೂ ತೆರಿಗೆ ತೆರಬೇಕಾದೀತು. ಲಾಭವನ್ನೇ ವಹಿವಾಟೆಂದು ಬರೆದರೆ, ಸಾಲದ ಅರ್ಜಿಯಲ್ಲಿ ಅವರ ಉದ್ಯಮ ಇರುವುದಕ್ಕಿಂತ ಕಿರಿದಾಗಿ ಕಂಡೀತು. ಸಂಬಳದಾರರೂ ಎಚ್ಚರ ವಹಿಸಬೇಕು. ಭವಿಷ್ಯ ನಿಧಿ ಮೊದಲಾದ ಕಡಿತಗಳ ನಂತರ ಕೈಗೆ ಬರುವುದು ನಿವ್ವಳ ವೇತನ. ಕಡಿತಕ್ಕೆ ಮುಂಚಿನದು ಒಟ್ಟು ವೇತನ.

1961ರ ಆದಾಯ ತೆರಿಗೆ ಅಧಿನಿಯಮವು ಆದಾಯವನ್ನು ಐದು ಶೀರ್ಷಿಕೆಗಳಲ್ಲಿ ವಿಂಗಡಿಸಿತು: ವೇತನ, ಮನೆ ಆಸ್ತಿಯ ಆದಾಯ, ವ್ಯಾಪಾರ ಅಥವಾ ವೃತ್ತಿಯ ಲಾಭ, ಬಂಡವಾಳ ಲಾಭ ಮತ್ತು ಇತರ ಮೂಲಗಳ ಆದಾಯ. 2025ರ ಹೊಸ ಅಧಿನಿಯಮವೂ ಈ ವಿಂಗಡಣೆಯನ್ನು ಉಳಿಸಿಕೊಂಡಿದೆ. ಪ್ರತಿಯೊಂದು ಶೀರ್ಷಿಕೆಗೂ ಲೆಕ್ಕ ಹಾಕುವ ಕ್ರಮ ಬೇರೆ. ಆದುದರಿಂದ ಯಾವುದೇ ನಮೂನೆಗೆ ಸಹಿ ಹಾಕುವ ಮುನ್ನ, ಅಲ್ಲಿ ಕೇಳಿರುವುದು ವಹಿವಾಟೇ, ಲಾಭವೇ, ಒಟ್ಟು ವೇತನವೇ, ನಿವ್ವಳ ವೇತನವೇ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಒಳಿತು.